ಅಳತೆಗಿಂತ ಹೆಚ್ಚಾದ ಅಕ್ಕಿ: ಕಲ್ಯಾಣದ ಶರಣರು ದೇವರ ಕೃಪೆಯನ್ನು ಅಳೆದ ಬಗೆ

ನಮ್ಮ ಕಡೆ ಯಾವ ಊರಿಗೆ ಹೋದರೂ ದೇವರು ಒಲಿದವರು ಎಂದು ಹೆಸರಾದವರು ಒಬ್ಬಿಬ್ಬರು ಸಿಗುತ್ತಾರೆ. ಒಬ್ಬರ ಮೈಮೇಲೆ ದೇವರು ಬರುತ್ತದೆ. ಇನ್ನೊಬ್ಬರು ಕೊಟ್ಟ ಭಸ್ಮ ಹಚ್ಚಿದರೆ ಮಗುವಿನ ಜ್ವರ ಇಳಿಯುತ್ತದೆ ಎನ್ನುತ್ತಾರೆ. ಮತ್ತೊಬ್ಬರ ಬಾಯಿಂದ ಬಂದ ಮಾತು ಸುಳ್ಳಾಗುವುದಿಲ್ಲ ಎಂಬ ನಂಬಿಕೆ. ಅಂಥವರ ಮನೆ ಮುಂದೆ ಅಮಾವಾಸ್ಯೆಗೆ ಸಾಲು ನಿಲ್ಲುತ್ತದೆ.

ಇದರಲ್ಲಿ ಒಂದು ಹಳೆಯ ಪ್ರಶ್ನೆ ಇದೆ. ಒಬ್ಬ ಮನುಷ್ಯನಿಗೆ ದೇವರ ಕೃಪೆ ಆಗಿದೆ ಎಂದು ಉಳಿದವರು ತಿಳಿಯುವುದು ಹೇಗೆ? ಅವನು ಮಾಡಿ ತೋರಿಸುವ ಪವಾಡದಿಂದಲೋ, ಅವನು ಬೆಳಿಗ್ಗೆಯಿಂದ ಸಂಜೆವರೆಗೆ ಬದುಕುವ ರೀತಿಯಿಂದಲೋ?

ಎಂಟುನೂರೈವತ್ತು ವರ್ಷಗಳ ಹಿಂದೆ ನಮ್ಮ ನಾಡಿನಲ್ಲೇ ಈ ಪ್ರಶ್ನೆ ಜೋರಾಗಿ ಎದ್ದಿತ್ತು. ಅದಕ್ಕೆ ಎರಡು ಉತ್ತರಗಳೂ ಬಂದವು. ಎರಡೂ ಶಿವಭಕ್ತರಿಂದಲೇ ಬಂದವು ಎಂಬುದು ವಿಶೇಷ.

ಅಬ್ಬಲೂರಿನ ಕಲ್ಲು ಹೇಳುವ ಕಥೆ

ಮೊದಲ ಉತ್ತರ ಕಲ್ಲಿನಲ್ಲಿದೆ. ಹಾವೇರಿ ಜಿಲ್ಲೆ ಹಿರೇಕೆರೂರು ಕಡೆಯ ಅಬ್ಬಲೂರಿನಲ್ಲಿ ಸೋಮೇಶ್ವರ ದೇವಸ್ಥಾನವಿದೆ. ಅಲ್ಲಿನ ಶಾಸನ ಸುಮಾರು 1200ರ ಕಾಲದ್ದು. ಅದರಲ್ಲಿ ಆಳಂದದಿಂದ ಬಂದ ಏಕಾಂತದ ರಾಮಯ್ಯ ಎಂಬ ಶಿವಭಕ್ತನ ಕಥೆ ಇದೆ.

ರಾಮಯ್ಯನಿಗೂ ಊರಿನ ಜೈನರಿಗೂ ಯಾರ ದೇವರು ದೊಡ್ಡವನು ಎಂದು ವಾದ ಹತ್ತುತ್ತದೆ. ಪಂಥ ಕಟ್ಟುತ್ತಾರೆ. ರಾಮಯ್ಯ ತನ್ನ ತಲೆಯನ್ನು ತಾನೇ ಕತ್ತರಿಸಿ ಶಿವನಿಗೆ ಒಪ್ಪಿಸುತ್ತಾನೆ. ಏಳು ದಿನ ಕಳೆದ ಮೇಲೆ ಆ ತಲೆ ಗಾಯದ ಗುರುತೂ ಇಲ್ಲದೆ ಮತ್ತೆ ಕೂಡಿಕೊಳ್ಳುತ್ತದೆ. ಸೋತವರು ಮಾತಿಗೆ ತಪ್ಪುತ್ತಾರೆ, ಜಗಳವಾಗುತ್ತದೆ, ಜಿನನ ಮೂರ್ತಿ ಒಡೆಯುತ್ತದೆ. ದೂರು ಬಿಜ್ಜಳ ದೊರೆಯ ತನಕ ಹೋಗುತ್ತದೆ. ಬಿಜ್ಜಳ ರಾಮಯ್ಯನಿಗೇ ಜಯಪತ್ರ ಕೊಡುತ್ತಾನೆ. ಶಾಸನ ಹೇಳುವುದು ಇಷ್ಟು. ದೇವಸ್ಥಾನದಲ್ಲಿ ಈ ಕಥೆಯ ಶಿಲ್ಪಗಳೂ ಇವೆ.

ತಲೆ ಮತ್ತೆ ಕೂಡಿತೋ ಇಲ್ಲವೋ ಎಂಬ ವಾದ ಇಲ್ಲಿ ಬೇಡ. ಗಮನಿಸಬೇಕಾದದ್ದು ಬೇರೆ. ಆ ಕಾಲದ ಜನ ದೇವರ ಬಲವನ್ನು ಹೀಗೆ ಅಳೆಯುತ್ತಿದ್ದರು. ಪಂಥ ಇತ್ತು, ಪವಾಡ ಇತ್ತು, ಕೊನೆಗೆ ಒಬ್ಬರು ಗೆದ್ದರೆ ಇನ್ನೊಬ್ಬರ ಗುಡಿ ಬೀಳುತ್ತಿತ್ತು. ಪವಾಡ ಗೆದ್ದವನ ಕೈಯಲ್ಲಿ ಜಯಪತ್ರ ಉಳಿಯಿತು. ಊರಿನಲ್ಲಿ ಪಕ್ಕದ ಮನೆಯವರ ನಡುವೆ ಏನು ಉಳಿದಿರಬಹುದು ಎಂಬುದನ್ನು ನೀವೇ ಯೋಚಿಸಿ.

ಎರಡನೆಯ ಉತ್ತರ ಬಂದದ್ದು ಅದೇ ಬಿಜ್ಜಳನ ರಾಜಧಾನಿಯಿಂದ.

ಮೈಮೇಲಿನ ಲಿಂಗ, ಕೈಯಲ್ಲಿನ ಕೆಲಸ

ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಕಲ್ಯಾಣ. ಚಾಲುಕ್ಯರ ರಾಜಧಾನಿಯಾಗಿದ್ದ ಈ ಊರು 1150ರ ದಶಕದ ಕೊನೆಗೆ ಕಳಚುರಿ ವಂಶದ ಬಿಜ್ಜಳನ ಕೈಗೆ ಬಂತು. ಅವನ ಖಜಾನೆ ನೋಡಿಕೊಳ್ಳುತ್ತಿದ್ದವರು ಬಾಗೇವಾಡಿಯ ಬಸವಣ್ಣ. ಅವರ ಮನೆಯ ಸುತ್ತ ಶರಣರು ಎಂದು ಕರೆಸಿಕೊಂಡ ಜನರ ಗುಂಪು ಬೆಳೆಯಿತು.

ಆ ಗುಂಪಿನ ಹೆಸರುಗಳನ್ನು ಓದಿದರೆ ಊರಿನ ಸಂತೆ ನೋಡಿದ ಹಾಗಾಗುತ್ತದೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ, ಮೇದಾರ ಕೇತಯ್ಯ, ತುರುಗಾಹಿ ರಾಮಣ್ಣ, ಹೆಂಡದ ಮಾರಯ್ಯ, ನುಲಿಯ ಚಂದಯ್ಯ, ಕೊಟ್ಟಣದ ಸೋಮವ್ವೆ, ಕದಿರೆ ರೆಮ್ಮವ್ವೆ. ದೋಣಿ ನಡೆಸುವವರು, ಬಟ್ಟೆ ಒಗೆಯುವವರು, ಚಪ್ಪಲಿ ಹೊಲಿಯುವವರು, ಬುಟ್ಟಿ ಹೆಣೆಯುವವರು, ದನ ಕಾಯುವವರು, ಹಗ್ಗ ಹೊಸೆಯುವವರು, ಭತ್ತ ಕುಟ್ಟುವವರು, ನೂಲು ತೆಗೆಯುವವರು. ಇವರ ಹೆಸರಿನ ಹಿಂದೆ ಊರಿಲ್ಲ, ವಂಶವಿಲ್ಲ. ಕೆಲಸ ಇದೆ.

ಇವರು ಒಂದು ದೊಡ್ಡ ಬದಲಾವಣೆ ಮಾಡಿದರು. ಲಿಂಗವನ್ನು ಗುಡಿಯಿಂದ ತಂದು ಮೈಮೇಲೆ ಕಟ್ಟಿಕೊಂಡರು. ಅದೇ ಇಷ್ಟಲಿಂಗ. ಓದುವಾಗ ಇದು ಸಣ್ಣ ವಿಷಯ ಅನಿಸಬಹುದು. ಆದರೆ ಗುಡಿಯ ಹೊಸ್ತಿಲು ದಾಟಲು ಬಿಡದ ಜನರಿಗೆ ಇದು ಎಷ್ಟು ದೊಡ್ಡದಾಗಿತ್ತು ನೋಡಿ. ಇನ್ನು ಪೂಜಾರಿಯನ್ನು ಕೇಳಬೇಕಿಲ್ಲ. ದೇವರು ಹೊಲಕ್ಕೂ ಬರುತ್ತಾನೆ, ಹೊಳೆಗೂ ಬರುತ್ತಾನೆ, ಚರ್ಮ ಹದ ಮಾಡುವ ಕಡೆಗೂ ಬರುತ್ತಾನೆ.

ದೇವರು ಇಡೀ ದಿನ ಜೊತೆಗೇ ಇದ್ದಾನೆ ಅಂದಮೇಲೆ ಪೂಜೆಯ ಹೊತ್ತು ಬೇರೆ, ದುಡಿಮೆಯ ಹೊತ್ತು ಬೇರೆ ಎಂಬ ಗೆರೆ ಅಳಿಸಿಹೋಗುತ್ತದೆ. ಅಲ್ಲಿಂದ ಹುಟ್ಟಿದ ಮಾತು ಕಾಯಕ. ಕಾಯ ಅಂದರೆ ದೇಹ. ಮೈಮುರಿದು ಮಾಡುವ ಕೆಲಸ, ದೇವರ ಮುಂದೆ ಮಾಡುತ್ತಿದ್ದೇನೆ ಎಂಬ ಎಚ್ಚರದಿಂದ ಮಾಡುವ ಕೆಲಸ.

ಹೀಗಾಗಿ ಕೃಪೆಯ ಪರೀಕ್ಷೆಯೂ ಬದಲಾಯಿತು. ತಲೆ ಕತ್ತರಿಸಿ ತೋರಿಸುವುದು ಬೇಕಾಗಲಿಲ್ಲ. ಹೇಗೆ ಗಳಿಸಿದೆ, ಎಷ್ಟು ಇಟ್ಟುಕೊಂಡೆ, ಉಳಿದದ್ದು ಎಲ್ಲಿ ಹೋಯಿತು ಎಂಬ ಮೂರು ಪ್ರಶ್ನೆ ಸಾಕಾಯಿತು. ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಒಬ್ಬ ಬಡ ಹೆಂಗಸು.

ಲಕ್ಕಮ್ಮ ವಾಪಸ್ ಕಳಿಸಿದ ಅಕ್ಕಿ

ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಅಮರೇಶ್ವರ ಕಡೆಯಿಂದ ಗಂಡ ಹೆಂಡತಿ ಕಲ್ಯಾಣಕ್ಕೆ ಬಂದರು. ಮಾರಯ್ಯ ಮತ್ತು ಲಕ್ಕಮ್ಮ. ಅವರದು ಅಕ್ಕಿ ಆಯುವ ಕಾಯಕ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಕಾಳನ್ನು ಮಾರಯ್ಯ ಒಂದೊಂದಾಗಿ ಆಯ್ದು ತರುತ್ತಿದ್ದ. ಲಕ್ಕಮ್ಮ ಅದನ್ನು ಬೇಯಿಸಿ ಮನೆಗೆ ಬಂದ ಶರಣರಿಗೆ ಬಡಿಸಿ ತಾವೂ ಉಣ್ಣುತ್ತಿದ್ದರು. ಹೀಗಾಗಿ ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ ಎಂಬ ಹೆಸರು.

ಕಥೆ ಹೀಗಿದೆ. ಒಂದು ದಿನ ಮಾರಯ್ಯ ಎಂದಿನಗಿಂತ ಹೆಚ್ಚು ಅಕ್ಕಿ ತಂದ. ಅವರ ನಿಷ್ಠೆ ನೋಡಲು ಬಸವಣ್ಣನವರೇ ಬೇಕೆಂದು ಹೆಚ್ಚು ಅಕ್ಕಿ ಚೆಲ್ಲಿಸಿದ್ದರು ಎನ್ನುತ್ತದೆ ಪರಂಪರೆ. ಬೇರೆ ಮನೆಯಾಗಿದ್ದರೆ ಇವತ್ತು ದೇವರು ಕಣ್ಣು ಬಿಟ್ಟ ಅಂದುಕೊಂಡು ಮಡಕೆಗೆ ಸುರಿಯುತ್ತಿದ್ದರು. ಲಕ್ಕಮ್ಮ ಹಾಗೆ ಮಾಡಲಿಲ್ಲ. ಇದು ನಮ್ಮ ಅಳತೆಯದ್ದಲ್ಲ, ಇದರಲ್ಲಿ ಆಸೆ ಸೇರಿದೆ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ವಾಪಸ್ ಕಳಿಸಿದಳು. ಆಸೆ ದೊರೆಗಳಿಗೆ ಇರುವಂಥದ್ದು, ಶಿವಭಕ್ತರ ಮನೆಗೆ ಅದೇಕೆ ಬಂತು ಎಂಬುದು ಅವಳ ಪ್ರಶ್ನೆ.

ಇಲ್ಲಿ ಎರಡು ಸಂಗತಿ ನೋಡಬೇಕು.

ಮೊದಲನೆಯದು, ಅಕ್ಕಿ ಕದ್ದದ್ದಲ್ಲ. ಯಾರೂ ಬೇಡ ಅಂದಿರಲಿಲ್ಲ. ನೆಲಕ್ಕೆ ಬಿದ್ದ ಕಾಳು ಅದು. ಇವತ್ತಿನ ಯಾವ ಕಾನೂನಿನಲ್ಲೂ ತಪ್ಪು ಸಿಗುವುದಿಲ್ಲ. ಆದರೂ ಲಕ್ಕಮ್ಮನ ಲೆಕ್ಕದಲ್ಲಿ ಅದು ಹೆಚ್ಚು. ಇವತ್ತಿನ ಊಟಕ್ಕೆ, ಇವತ್ತು ಬರುವವರಿಗೆ ಬೇಕಾದಷ್ಟು ಆಯ್ದರೆ ಅದು ಕಾಯಕ. ನಾಳೆಗೂ ಇರಲಿ ಎಂದು ತುಂಬಿಕೊಂಡರೆ ಅದು ಬೇರೆ ಏನೋ.

ಎರಡನೆಯದು, ತಿದ್ದಿದವಳು ಹೆಂಡತಿ. ಇನ್ನೊಂದು ಸಲ ಮಾರಯ್ಯ ಅಲ್ಲಮಪ್ರಭುಗಳ ಜೊತೆ ಅನುಭಾವದ ಮಾತಿನಲ್ಲಿ ಮುಳುಗಿ ಹೊತ್ತು ಹೋದದ್ದನ್ನೇ ಮರೆತಿದ್ದ. ಆಗಲೂ ಕಾಯಕಕ್ಕೆ ಹೊತ್ತಾಯಿತು, ಏಳಿ ಎಂದು ಎಚ್ಚರಿಸಿದವಳು ಲಕ್ಕಮ್ಮ. ದೊಡ್ಡ ಗುರುಗಳ ಮುಂದೆ ಕೂತು ತತ್ವ ಕೇಳುವುದಕ್ಕಿಂತ ಎದ್ದು ಹೋಗಿ ಅಕ್ಕಿ ಆಯುವುದು ಮುಖ್ಯ ಎಂದು ಹೇಳುವ ಧೈರ್ಯ ಆಕೆಗಿತ್ತು. ಮಾರಯ್ಯನ ವಚನವೊಂದರಲ್ಲೂ ಇದೇ ನಿಲುವು ಇದೆ. ಕೆಲಸದಲ್ಲಿ ತೊಡಗಿದವನು ಗುರು, ಲಿಂಗ, ಜಂಗಮ ಮೂರನ್ನು ಆ ಹೊತ್ತಿಗೆ ಬದಿಗಿಟ್ಟರೂ ದೋಷವಿಲ್ಲ ಎಂಬರ್ಥ ಅದರದ್ದು. ಕಾಯಕವನ್ನು ಕೈಲಾಸಕ್ಕೆ ಸಮ ಮಾಡಿದ ಮಾತು ಬಂದದ್ದು ಈ ಅಕ್ಕಿ ಆಯುವವನ ಬಾಯಿಂದ.

ದಾನ ಬೇರೆ, ದಾಸೋಹ ಬೇರೆ

ಕಾಯಕದ ಜೊತೆಗೇ ಬರುವ ಇನ್ನೊಂದು ಮಾತು ದಾಸೋಹ. ನಾನು ದಾಸ ಎಂಬ ಅರ್ಥದಿಂದ ಬಂದ ಪದ. ನಾವು ಈಗ ಅದನ್ನು ಅನ್ನದಾನ ಎಂಬ ಅರ್ಥದಲ್ಲೇ ಬಳಸುತ್ತೇವೆ. ಶರಣರ ಲೆಕ್ಕದಲ್ಲಿ ಎರಡೂ ಒಂದಲ್ಲ.

ದಾನ ಮಾಡುವಾಗ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ಕೊಟ್ಟವನ ಹೆಸರು ಗೋಡೆಯ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ ಬರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ತನ್ನ ಬಳಿ ಇರುವುದು ತನ್ನದಲ್ಲ, ದೇವರದು, ಅದನ್ನು ಮುಟ್ಟಬೇಕಾದವರಿಗೆ ಮುಟ್ಟಿಸುವ ಆಳು ತಾನು ಎಂಬ ಭಾವ. ಹೆಸರು ಹಾಕಿಸಿಕೊಳ್ಳುವ ಮಾತೇ ಬರುವುದಿಲ್ಲ.

ಇನ್ನೊಂದು ಷರತ್ತೂ ಇತ್ತು. ದಾಸೋಹಕ್ಕೆ ಹಾಕುವುದು ಸ್ವಂತ ದುಡಿಮೆಯದ್ದೇ ಆಗಬೇಕು. ಬೇಡಿ ತಂದದ್ದು, ಮೋಸ ಮಾಡಿ ತಂದದ್ದು, ಇನ್ನೊಬ್ಬರ ಬೆವರು ಕಸಿದು ತಂದದ್ದು ನಡೆಯುವುದಿಲ್ಲ.

ಮೋಳಿಗೆಯ ಮಾರಯ್ಯನ ಕಥೆ ಇದನ್ನೇ ಹೇಳುತ್ತದೆ. ಆತ ಕಾಶ್ಮೀರದ ಅರಸನಾಗಿದ್ದ, ಅದೆಲ್ಲ ಬಿಟ್ಟು ಹೆಂಡತಿ ಮಹಾದೇವಿಯ ಜೊತೆ ಕಲ್ಯಾಣಕ್ಕೆ ಬಂದ ಎಂಬುದು ಪರಂಪರೆಯ ಮಾತು. ಇಲ್ಲಿ ಅವನದು ಕಟ್ಟಿಗೆ ಹೊರೆ ತಂದು ಮಾರುವ ಕಾಯಕ. ಮಾರಿ ಬಂದ ದುಡ್ಡಿನಲ್ಲಿ ಬಂದವರಿಗೆ ಅಂಬಲಿ. ಅವರ ಬಡತನ ಕಂಡು ಬಸವಣ್ಣನವರು ಗೊತ್ತಾಗದಂತೆ ಮನೆಯಲ್ಲಿ ಹೊನ್ನು ಇಟ್ಟು ಬಂದರು. ಮಾರಯ್ಯ ಅದನ್ನು ಮನೆಯಲ್ಲಿ ಉಳಿಸಿಕೊಳ್ಳದೆ ಜಂಗಮರಿಗೆ ಹಂಚಿಬಿಟ್ಟ. ಕೊಟ್ಟವರು ಬಸವಣ್ಣನವರೇ ಆದರೂ ತಾನು ದುಡಿಯದ ಹಣ ತನ್ನ ಒಲೆಗೆ ಬೇಡ ಎಂದು.

ಈ ಕಥೆಗಳಲ್ಲಿ ಬಸವಣ್ಣನವರು ಸೋಲುತ್ತಾರೆ ಎಂಬುದನ್ನು ಗಮನಿಸಿ. ಶ್ರೀಮಂತ ಅಧಿಕಾರಿ ಪರೀಕ್ಷೆ ಮಾಡುತ್ತಾರೆ, ಅಕ್ಕಿ ಆಯುವ ಹೆಂಗಸು, ಕಟ್ಟಿಗೆ ಮಾರುವ ಗಂಡಸು ಗೆಲ್ಲುತ್ತಾರೆ. ಆ ಪರಂಪರೆಯವರೇ ಈ ಕಥೆಗಳನ್ನು ಮುಚ್ಚಿಡದೆ ಹೇಳಿಕೊಂಡು ಬಂದಿದ್ದಾರೆ.

ಬೀದಿ ಗುಡಿಸುವವಳೂ ಖಜಾನೆ ಅಧಿಕಾರಿಯೂ

ಲಂಚ ಎಂಬ ಪದ ಈಗಿನ ಕಾಲದ್ದು ಅಂದುಕೊಂಡಿದ್ದರೆ ಸತ್ಯಕ್ಕನ ವಚನ ಓದಬೇಕು. ಸತ್ಯಕ್ಕ ಶಿವಮೊಗ್ಗ ಜಿಲ್ಲೆಯ ಶಿರಾಳಕೊಪ್ಪದ ಹತ್ತಿರದ ಜಂಬೂರಿನವಳು. ಶರಣರ ಅಂಗಳ ಗುಡಿಸುವುದು ಅವಳ ಕಾಯಕವಾಗಿತ್ತು ಎನ್ನುತ್ತಾರೆ. ಅವಳ ಒಂದು ವಚನದಲ್ಲಿ ಈ ಲಂಚ ಎಂಬ ಪದವೇ ಇದೆ. ಲಂಚಕ್ಕೆ, ವಂಚನೆಗೆ ಕೈ ಚಾಚುವುದಿಲ್ಲ, ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಬಟ್ಟೆ ಬಿದ್ದಿದ್ದರೂ ಮುಟ್ಟುವುದಿಲ್ಲ ಎಂದು ದೇವರ ಮೇಲೆ ಆಣೆ ಇಡುತ್ತಾಳೆ.

ಗುಡಿಸುವವರ ಕೆಲಸ ಮಾಡಿದವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಏನಾದರೂ ಕಳೆದರೆ ಮೊದಲ ಅನುಮಾನ ಬರುವುದು ಅವರ ಮೇಲೆ. ಏನಾದರೂ ಸಿಕ್ಕರೆ ಮೊದಲು ಕಾಣುವುದೂ ಅವರಿಗೇ. ಸತ್ಯಕ್ಕನ ಆಣೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಪೊರಕೆ ಹಿಡಿದವಳ ದಿನದ ಬದುಕಿನಿಂದ ಬಂದದ್ದು. ಅವಳ ಭಕ್ತಿ ಪರೀಕ್ಷೆಗೆ ಒಳಗಾಗುತ್ತಿದ್ದದ್ದು ಪೂಜೆಯಲ್ಲಲ್ಲ, ದೂಳಿನಲ್ಲಿ ಏನೋ ಹೊಳೆದ ಆ ಒಂದು ಗಳಿಗೆಯಲ್ಲಿ.

ಇದೇ ಪರೀಕ್ಷೆ ಮೇಲಿನವರಿಗೂ ಇತ್ತು. ಬಸವಣ್ಣನವರು ಅರಸನ ಭಂಡಾರದ ಹಣವನ್ನು ಜಂಗಮರಿಗೆ ಹಂಚುತ್ತಿದ್ದಾರೆ ಎಂದು ಕೆಲವರು ಬಿಜ್ಜಳನಿಗೆ ಚಾಡಿ ಹೇಳಿದರು. ಬಿಜ್ಜಳ ಲೆಕ್ಕ ನೋಡಿಸಿದ. ಒಂದು ಕಾಸೂ ಕಡಿಮೆ ಇರಲಿಲ್ಲ ಎನ್ನುತ್ತವೆ ಪುರಾಣ ಕಾವ್ಯಗಳು. ಖಾಲಿಯಾದ ಭಂಡಾರವನ್ನು ಶಿವ ತುಂಬಿಸಿದ ಎಂದು ಪವಾಡವಾಗಿಯೂ ಈ ಕಥೆ ಹೇಳುವವರಿದ್ದಾರೆ. ಲೆಕ್ಕ ಸರಿ ಇಟ್ಟಿದ್ದರು ಎಂದು ಓದಿದರೂ ಕಥೆಗೆ ಏನೂ ಕೊರತೆ ಬರುವುದಿಲ್ಲ. ಊರ ಪಂಚಾಯಿತಿಯ ಲೆಕ್ಕ ನೋಡಿದವರಿಗೆ ಯಾವುದು ದೊಡ್ಡ ಪವಾಡ ಎಂದು ಹೇಳಬೇಕಿಲ್ಲ.

ಕೆಲಸ ಮಾಡಿದರಷ್ಟೇ ಸಾಕೇ?

ಹಾಗಾದರೆ ಬೆವರು ಸುರಿಸಿದವರೆಲ್ಲ ಶರಣರೇ? ಈ ಪ್ರಶ್ನೆಯನ್ನು ಅವರೂ ಕೇಳಿಕೊಂಡಿದ್ದರು. ಸೊನ್ನಲಿಗೆಯ ಸಿದ್ಧರಾಮನ ಕಥೆ ಅದಕ್ಕೆ ಉತ್ತರ. ಸೊನ್ನಲಿಗೆ ಅಂದರೆ ಇವತ್ತಿನ ಮಹಾರಾಷ್ಟ್ರದ ಸೊಲ್ಲಾಪುರ. ಸಿದ್ಧರಾಮ ಅಲ್ಲಿ ಜನರನ್ನು ಸೇರಿಸಿ ಕೆರೆ ತೋಡಿಸಿದ, ಗುಡಿಗಳನ್ನು ಕಟ್ಟಿಸಿದ. ಆ ಕೆರೆ, ಅದರ ನಡುವಿನ ಸಿದ್ಧೇಶ್ವರ ಗುಡಿ ಈಗಲೂ ಸೊಲ್ಲಾಪುರದ ಗುರುತು.

ಅಲ್ಲಮಪ್ರಭು ಅಲ್ಲಿಗೆ ಬಂದರು. ಎಲ್ಲರೂ ಹೊಗಳುವ ಸಿದ್ಧರಾಮನನ್ನು ಒಡ್ಡ ಎಂದು ಕರೆದು ಕೆಣಕಿದರು. ಕೆಲಸಗಾರರು ಸಿಟ್ಟಿಗೆದ್ದು ಕಲ್ಲು ಬೀಸಿದರು ಎನ್ನುತ್ತದೆ ಕಥೆ. ಅಲ್ಲಮರ ಮಾತಿನ ಉದ್ದೇಶ ಕೆರೆ ಕಟ್ಟುವುದು ತಪ್ಪು ಎನ್ನುವುದಾಗಿರಲಿಲ್ಲ. ನಾನು ಕಟ್ಟಿಸಿದೆ ಎಂಬ ಹೆಮ್ಮೆ ಒಳಗೆ ಉಳಿದಿದ್ದರೆ ಅಷ್ಟು ದೊಡ್ಡ ಕೆರೆಯೂ ಬರೀ ಮಣ್ಣಿನ ಕೆಲಸ ಎಂದು ಅವರು ತೋರಿಸಬೇಕಿತ್ತು. ಸಿದ್ಧರಾಮನಿಗೆ ಅದು ತಾಗಿತು. ಅಲ್ಲಮರ ಜೊತೆ ಕಲ್ಯಾಣಕ್ಕೆ ಹೋದ, ಇಷ್ಟಲಿಂಗ ದೀಕ್ಷೆ ಪಡೆದ.

ಅದೇ ಅಲ್ಲಮರು ಗೋರಕ್ಷ ಎಂಬ ಸಿದ್ಧನನ್ನೂ ಎದುರಾಗುತ್ತಾರೆ. ಗೋರಕ್ಷ ಸಾಧನೆಯಿಂದ ದೇಹವನ್ನು ವಜ್ರ ಮಾಡಿಕೊಂಡಿದ್ದ. ಕತ್ತಿಯಿಂದ ಹೊಡೆದರೆ ಖಣ್ ಎಂದು ಸದ್ದು ಬರುತ್ತಿತ್ತೇ ಹೊರತು ಕೂದಲೂ ಕೊಂಕುತ್ತಿರಲಿಲ್ಲ. ಅವನಿಗೆ ಅದೇ ದೊಡ್ಡ ಸಿದ್ಧಿ. ಅಲ್ಲಮರ ಮೇಲೆ ಕತ್ತಿ ಬೀಸಿದರೆ ಅದು ಬಯಲಿನಲ್ಲಿ ಬೀಸಿದಂತೆ ಹಾದುಹೋಯಿತು. ಇದೂ ಪವಾಡದ ಕಥೆಯೇ. ಆದರೆ ಪವಾಡದ ಮೂಲಕವೇ ಪವಾಡದ ಸೊಕ್ಕು ಇಳಿಸುವ ಕಥೆ. ದೇಹ ಗಟ್ಟಿ ಮಾಡಿಕೊಂಡರೆ ನಾನು ಎಂಬುದೂ ಗಟ್ಟಿಯಾಗುತ್ತದೆ, ಅದು ಕರಗಬೇಕು ಎಂಬುದು ಅದರ ತಿರುಳು.

ಹಗ್ಗ ಹೊಸೆಯುವ ನುಲಿಯ ಚಂದಯ್ಯನ ಕಥೆ ಇನ್ನೂ ಚೆನ್ನಾಗಿದೆ. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗ ಜಾರಿ ನೀರಿಗೆ ಬಿತ್ತು. ಚಂದಯ್ಯ ಹುಲ್ಲಿನ ಹೊರೆ ಕಟ್ಟಿಕೊಂಡು ಹೊರಟೇಬಿಟ್ಟ. ಲಿಂಗವೇ ಹಿಂದೆ ಬಂದು ತನ್ನನ್ನು ಸೇರಿಸಿಕೋ ಎಂದು ಕೇಳಿತು. ಮಡಿವಾಳ ಮಾಚಯ್ಯನವರು ನಡುವೆ ಬಂದು ಬುದ್ಧಿ ಹೇಳಬೇಕಾಯಿತು. ಕೊನೆಗೆ ಆ ಲಿಂಗವೇ ಚಂದಯ್ಯ ಹೊಸೆದ ಹಗ್ಗ ಹೊತ್ತುಕೊಂಡು ಹೋಗಿ ಮಾರಿ ಬರಬೇಕಾಯಿತು.

ದೇವರಿಗೂ ಕಾಯಕ ತಪ್ಪಲಿಲ್ಲ ಎಂದು ಕೇಳಿದವರು ನಗುತ್ತಾರೆ. ನಗಬೇಕಾದ ಕಥೆಯೇ. ಆದರೆ ಅದರೊಳಗೆ ಒಂದು ದಿಟ್ಟ ಮಾತಿದೆ. ದುಡಿಯುವವನ ಹಂಗಿನಲ್ಲಿ ದೇವರು ಇದ್ದಾನೆ, ಕೂತು ಪೂಜೆ ಮಾಡಿಸಿಕೊಳ್ಳುವ ದೇವರು ನಮಗೆ ಬೇಡ ಎಂದು ಹಗ್ಗ ಮಾರುವವನು ಹೇಳುತ್ತಿದ್ದಾನೆ. ಅದೇ ಹೊತ್ತಿಗೆ, ಲಿಂಗವನ್ನು ಸದರ ಮಾಡಿದರೂ ಆಗದು ಎಂದು ಮಾಚಯ್ಯ ತಡೆಯುತ್ತಾರೆ. ಎರಡೂ ಮಾತು ಕಥೆಯಲ್ಲಿ ಉಳಿದಿವೆ.

ಜೀವಕ್ಕೆ ಬಂದ ಗಳಿಗೆ

ದಿನದ ಬದುಕಿನಲ್ಲೇ ಧರ್ಮ ಇರಬೇಕು ಅಂದರೆ ಅದು ಒಂದು ದಿನ ಮದುವೆಗೂ ಬರುತ್ತದೆ, ಊಟದ ಪಂಕ್ತಿಗೂ ಬರುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಊರು ಆಗ ಸುಮ್ಮನಿರುವುದಿಲ್ಲ.

ಚಪ್ಪಲಿ ಹೊಲಿಯುವ ಹರಳಯ್ಯ ಶರಣ. ಬ್ರಾಹ್ಮಣ ಕುಲದಿಂದ ಬಂದ ಮಧುವರಸನೂ ಶರಣ. ಒಂದೇ ಲಿಂಗ ಕಟ್ಟಿಕೊಂಡ ಮೇಲೆ ಇಬ್ಬರ ನಡುವೆ ಮೇಲು ಕೀಳು ಎಲ್ಲಿಯದು ಎಂದು ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಯಿತು. ಬಿಜ್ಜಳನ ಬಳಿ ದೂರು ಹೋಯಿತು. ಹರಳಯ್ಯನಿಗೂ ಮಧುವರಸನಿಗೂ ಮರಣದಂಡನೆಯಾಯಿತು, ಆನೆ ಕಾಲಿಗೆ ಕಟ್ಟಿ ಎಳೆಸಿದರು ಎಂದು ಪರಂಪರೆ ಹೇಳುತ್ತದೆ. ಕಲ್ಯಾಣ ಹೊತ್ತಿ ಉರಿಯಿತು. ಬಿಜ್ಜಳನ ಕೊಲೆಯಾಯಿತು. ಬಸವಣ್ಣನವರು ಕೂಡಲಸಂಗಮಕ್ಕೆ ಹೋದರು. ಚನ್ನಬಸವಣ್ಣ ಮತ್ತಿತರರು ವಚನದ ಕಟ್ಟುಗಳನ್ನು ಹೊತ್ತು ಕಾಡಿನ ಹಾದಿಯಲ್ಲಿ ಉಳವಿಯ ಕಡೆ ನಡೆದರು. ಇದೆಲ್ಲ 1160ರ ದಶಕದ ಕೊನೆಯ ಮಾತು.

ಏಕಾಂತದ ರಾಮಯ್ಯನ ತಲೆ ಕತ್ತರಿಸಿದ ಮೇಲೂ ಕೂಡಿಕೊಂಡಿತು. ಹರಳಯ್ಯನ ವಿಷಯದಲ್ಲಿ ಯಾವ ಪವಾಡವೂ ನಡೆಯಲಿಲ್ಲ. ಪವಾಡ ಮಾಡಿದವನಿಗೆ ದೊರೆ ಜಯಪತ್ರ ಕೊಟ್ಟ, ಮಕ್ಕಳ ಮದುವೆ ಮಾಡಿದವನಿಗೆ ಮರಣ ಕೊಟ್ಟ. ಯಾವ ಬಗೆಯ ಭಕ್ತಿಯಿಂದ ಅಧಿಕಾರದಲ್ಲಿರುವವರಿಗೆ ಭಯವಾಗುತ್ತದೆ ಎಂದು ಈ ಎರಡು ಕಥೆ ಪಕ್ಕ ಪಕ್ಕ ಇಟ್ಟರೆ ಗೊತ್ತಾಗುತ್ತದೆ.

ಮತ್ತೆ ಪವಾಡದ ಹೊದಿಕೆ, ಮತ್ತೆ ಒಬ್ಬ ಕಾಯಕದವರು

ನಂತರ ಬಂದ ಕವಿಗಳು ಶರಣರ ಕಥೆ ಬರೆದರು. ಹರಿಹರ ರಗಳೆ ಬರೆದ. ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬಸವ ಪುರಾಣ ಬರೆದ. ಭೀಮಕವಿ 1369ರಲ್ಲಿ ಅದನ್ನು ಕನ್ನಡಕ್ಕೆ ತಂದ. ಈ ಕಾವ್ಯಗಳಿಂದಲೇ ಶರಣರ ನೆನಪು ಹಳ್ಳಿ ಹಳ್ಳಿಗೆ ತಲುಪಿತು, ಪುರಾಣ ಪ್ರವಚನಗಳಲ್ಲಿ ಉಳಿಯಿತು. ಆದರೆ ಅವುಗಳಲ್ಲಿ ಪವಾಡ ತುಂಬಿಕೊಂಡಿತು. ಮನುಷ್ಯರಾಗಿದ್ದ ಶರಣರು ಶಿವಗಣದ ಅವತಾರಗಳಾದರು. ಅವತಾರಕ್ಕೆ ಕೈ ಮುಗಿಯುವುದು ಸುಲಭ. ಲಕ್ಕಮ್ಮನಂತೆ ಅಕ್ಕಿ ವಾಪಸ್ ಕಳಿಸುವುದು ಕಷ್ಟ.

ವಚನಗಳು ತಾಳೆಗರಿಯ ಕಟ್ಟುಗಳಾಗಿ ಮಠಗಳಲ್ಲಿ, ಮನೆಗಳ ದೇವರ ಜಗಲಿಯಲ್ಲಿ ಉಳಿದವು. ಕೆಲವು ಮನೆಗಳಲ್ಲಿ ಅವಕ್ಕೆ ವಿಭೂತಿ ಹಚ್ಚಿ ಪೂಜೆ ಮಾಡುತ್ತಿದ್ದರು, ಬಿಚ್ಚಿ ಓದುವವರು ಇರಲಿಲ್ಲ.

ಅವನ್ನು ಬಿಚ್ಚಿ ಓದಿದವರು ಫ.ಗು. ಹಳಕಟ್ಟಿ. 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲರಾದವರು. ವಕೀಲಿಕೆಯಲ್ಲಿ ಹಣ ಮಾಡಬಹುದಿತ್ತು. ಅವರು ಊರೂರು ಅಲೆದು ತಾಳೆಗರಿ ಹುಡುಕಿದರು, ಓದಿದರು, ನಕಲು ಮಾಡಿದರು. 1923ರಲ್ಲಿ ವಚನ ಶಾಸ್ತ್ರ ಸಾರ ಮೊದಲ ಭಾಗ ಅಚ್ಚಾಯಿತು. ಮುಂದೆ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಲ್ಲಿ ಶಿವಾನುಭವ ಎಂಬ ಪತ್ರಿಕೆ, 1927ರಲ್ಲಿ ನವಕರ್ನಾಟಕ ಎಂಬ ವಾರಪತ್ರಿಕೆ ಶುರು ಮಾಡಿದರು. ಬಡತನದಲ್ಲೇ ಬದುಕಿ 1964ರಲ್ಲಿ ತೀರಿಕೊಂಡರು.

ಪತ್ರಿಕೆಯ ಕೆಲಸ ಕಲಿತ ನಮಗೆ ಹಳಕಟ್ಟಿಯವರು ಒಂದು ಕೈ ಹೆಚ್ಚು ಹತ್ತಿರ. ಅಂಗಳದಲ್ಲಿ ಚೆಲ್ಲಿದ ಕಾಳನ್ನು ಮಾರಯ್ಯ ಆಯ್ದ ಹಾಗೆ ಅವರು ನಾಡಿನ ತುಂಬ ಚೆಲ್ಲಿದ್ದ ಗರಿಗಳನ್ನು ಆಯ್ದರು. ಆಯ್ದದ್ದನ್ನು ತಮ್ಮ ಬಳಿ ಇಟ್ಟುಕೊಳ್ಳದೆ ಅಚ್ಚು ಹಾಕಿ ಹಂಚಿದರು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ 15 ಸಂಪುಟಗಳಲ್ಲಿ ಸಮಗ್ರ ವಚನ ತಂದಾಗ, ಅದರ ಬುನಾದಿಯಲ್ಲಿ ಈ ಒಬ್ಬ ವಕೀಲರ ಬೆವರು ಇತ್ತು. ಲಕ್ಕಮ್ಮ, ಸತ್ಯಕ್ಕ, ಸೋಮವ್ವೆಯರ ಮಾತು ಇವತ್ತು ನಿಮ್ಮ ಫೋನಿಗೆ ಬರುವುದು ಈ ದಾರಿಯಿಂದಲೇ.

ಗೋಡೆಯ ಮೇಲೆ ಬರೆದ ಕಾಯಕ

ಈಗ ಕಾಯಕದ ಮಾತು ಎಲ್ಲ ಕಡೆ ಇದೆ. ಸರ್ಕಾರಿ ಕಚೇರಿಯ ಗೋಡೆಯಲ್ಲಿ, ಬಸ್ಸಿನ ಹಿಂಬದಿಯಲ್ಲಿ, ಫ್ಯಾಕ್ಟರಿ ಗೇಟಿನಲ್ಲಿ. ಆದರೆ ಅರ್ಧ ಮಾತ್ರ ಬರೆದಿರುತ್ತಾರೆ. ದುಡಿ ಎಂಬುದು ಇದೆ. ಎಷ್ಟು ಇಟ್ಟುಕೊಳ್ಳಬೇಕು, ಉಳಿದದ್ದು ಯಾರಿಗೆ ಹೋಗಬೇಕು ಎಂಬುದು ಇಲ್ಲ.

ಕೂಲಿ ಹೆಚ್ಚು ಕೇಳಿದವನಿಗೆ ಕೆಲಸವೇ ದೇವರು, ಸುಮ್ಮನೆ ಮಾಡು ಎಂದು ಹೇಳುವುದು ಕಾಯಕವಲ್ಲ. ಶರಣರ ಲೆಕ್ಕದಲ್ಲಿ ಪ್ರಶ್ನೆ ಮೊದಲು ಹೋಗುವುದು ಕೂಲಿ ಕೊಡುವವನ ಮಡಕೆಗೆ. ಅಲ್ಲಿ ಅಳತೆಗಿಂತ ಹೆಚ್ಚಿನ ಅಕ್ಕಿ ಇದೆಯೇ? ಅದು ಯಾರ ಬೆವರು?

ಹುಟ್ಟಿದ ಜಾತಿಯ ಕೆಲಸವನ್ನೇ ಹಿಡಿದು ಕೂರು ಎಂದು ಹೇಳಲೂ ಕಾಯಕದ ಹೆಸರು ಬಳಸುವವರಿದ್ದಾರೆ. ಅನೇಕ ಶರಣರು ಹುಟ್ಟಿದ ಮನೆಯ ಕೆಲಸವನ್ನೇ ಮಾಡಿದರು, ನಿಜ. ಆದರೆ ಅರಸನಾಗಿದ್ದವನು ಕಟ್ಟಿಗೆ ಹೊತ್ತ ಕಥೆ ಅವರದ್ದೇ. ಚಮ್ಮಾರನ ಮನೆಗೂ ಬ್ರಾಹ್ಮಣನ ಮನೆಗೂ ಬೀಗತನ ಬೆಳೆದ ಕಥೆಯೂ ಅವರದ್ದೇ. ಕೆಲಸಕ್ಕೆ ಗೌರವ ಕೊಟ್ಟದ್ದು ಜನರನ್ನು ಅದಕ್ಕೆ ಕಟ್ಟಿಹಾಕಲು ಅಲ್ಲ. ಆ ಕೆಲಸದ ಹೆಸರಿನಲ್ಲಿ ಯಾರನ್ನೂ ಕೆಳಗೆ ಕೂರಿಸಬಾರದು ಎಂದು.

ಒಳ್ಳೆಯ ಬೇರುಗಳೂ ಉಳಿದಿವೆ. ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ತೀರಿಕೊಂಡ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಸುಮಾರು 10,000 ಮಕ್ಕಳು ಜಾತಿ ಧರ್ಮ ನೋಡದೆ ಉಂಡು ಓದುತ್ತಿದ್ದರು. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಜೋಳದ ರೊಟ್ಟಿ ಬಡಿದು ಟ್ರ್ಯಾಕ್ಟರಿನಲ್ಲಿ ಕಳಿಸುತ್ತಾರೆ. ಆ ರೊಟ್ಟಿಯ ಮೇಲೆ ಯಾರ ಹೆಸರೂ ಇರುವುದಿಲ್ಲ. ಉಂಡವರಿಗೆ ಯಾರು ಬಡಿದದ್ದು ಎಂದು ಗೊತ್ತಾಗುವುದಿಲ್ಲ. ದಾಸೋಹ ಎಂಬ ಪದಕ್ಕೆ ಇದಕ್ಕಿಂತ ಸರಳ ಅರ್ಥ ಪುಸ್ತಕದಲ್ಲಿ ಸಿಗಲಾರದು.

ದೇವರು ಒಲಿದವರು ಯಾರು ಎಂದು ಹುಡುಕಲು ಇನ್ನು ಮುಂದೆ ದೂರ ಹೋಗಬೇಕಿಲ್ಲ. ನಮ್ಮೂರ ನ್ಯಾಯಬೆಲೆ ಅಂಗಡಿಯಲ್ಲಿ ತೂಕ ಸರಿ ಕೊಡುವವರು ಯಾರು? ಹಾಲಿನ ಡೇರಿಗೆ ನೀರು ಬೆರೆಸದ ಹಾಲು ಹಾಕುವವರು ಯಾರು? ಆಳು ಕೇಳುವ ಮೊದಲೇ ಕೂಲಿ ಕೈಗಿಡುವವರು ಯಾರು? ಊಟಕ್ಕೆ ಕೂತಾಗ ಬಂದವರ ಜಾತಿ ಕೇಳದೆ ಇನ್ನೊಂದು ತಟ್ಟೆ ಹಾಕುವ ಅವ್ವ ಯಾರು? ಅವರಿಗೆ ಪವಾಡ ಬರುವುದಿಲ್ಲ. ಅವರ ಮನೆ ಮುಂದೆ ಅಮಾವಾಸ್ಯೆಗೆ ಸಾಲು ಇರುವುದಿಲ್ಲ. ಲಕ್ಕಮ್ಮ ಇವತ್ತು ನಮ್ಮೂರಿಗೆ ಬಂದರೆ ನೀರು ಕೇಳಲು ಆ ಮನೆಗೇ ಹೋಗುತ್ತಾಳೆ.